ಬಟ್ಟೆಯ ಸೀಟು, ಸೋಫಾ: ತೊಳೆದ ಮೇಲೂ ಕಲೆ ಮತ್ತೆ ಮೂಡುತ್ತಿದ್ದರೆ

ಹಿಂದಿನಸೀಟು

ಎರಡು ಪ್ರಶ್ನೆ ಇದೆ, ತಿಳಿದವರು ಹೇಳಿ.

ಒಂದು, ಕಾರಿನ ಹಿಂದಿನ ಸೀಟು. ಬೂದು ಬಣ್ಣದ ನೇಯ್ದ ಬಟ್ಟೆ. ಹಾಲು ಹಾಕಿದ ಕಾಫಿ ಚೆಲ್ಲಿದೆ. ನೊರೆ ಕ್ಲೀನರ್ ಹೊಡೆದು ಒರೆಸಿದರೆ ಕಲೆ ಪೂರ್ತಿ ಹೋದಂತೆ ಕಾಣುತ್ತದೆ. ಮರುದಿನ ಒಣಗಿದಾಗ ಅದೇ ಜಾಗದಲ್ಲಿ ಕಂದು ಬಣ್ಣ ಮತ್ತೆ ಎದ್ದಿರುತ್ತದೆ, ಸುತ್ತ ಒಂದು ಉಂಗುರ ಬೇರೆ. ಕ್ಲೀನರ್ ಬದಲಿಸಬೇಕಾ?

ಎರಡು, ಮನೆಯ ಸೋಫಾ. ಕೆನೆ ಬಣ್ಣ. ಕುಶನ್ ಅಡಿಯ ಲೇಬಲ್ಲಿನಲ್ಲಿ ‘ಎಸ್’ ಅಂತ ಒಂದೇ ಅಕ್ಷರ ಇದೆ. ಕೈ ಊರುವ ಜಾಗ ಕಪ್ಪಾಗಿದೆ. ಕುಶನ್ ಕವರಿಗೆ ಜಿಪ್ ಇದೆ, ಬಿಚ್ಚಿ ವಾಷಿಂಗ್ ಮಷೀನಿಗೆ ಹಾಕಬಹುದಾ?

ನೂಲೆಳೆ

ಕಾರಿನ ಸೀಟಿನದ್ದು ಮೊದಲು. ಕ್ಲೀನರ್ ಬದಲಿಸಿದರೂ ಇದೇ ಆಗುತ್ತದೆ. ತೊಂದರೆ ಇರುವುದು ಒಳಗೆ ಹೋದ ನೀರು ಹೊರಗೆ ಬಾರದೆ ಉಳಿಯುವುದರಲ್ಲಿ.

ಸೀಟಿನ ಬಟ್ಟೆಯ ಕೆಳಗೆ ತೆಳು ಫೋಮ್ ಪದರ ಅಂಟಿಕೊಂಡಿರುತ್ತದೆ, ಅದರ ಕೆಳಗೆ ದಪ್ಪ ಪಾಲಿಯುರೆಥೇನ್ ಫೋಮ್. ಕಾಫಿ ಚೆಲ್ಲಿದಾಗ ಬಟ್ಟೆಯಲ್ಲಿ ನಿಲ್ಲುವುದು ಸ್ವಲ್ಪ, ಫೋಮಿಗೆ ಇಳಿಯುವುದೇ ಹೆಚ್ಚು. ನೀವು ಮೇಲಿನ ಬಟ್ಟೆಯನ್ನು ಒರೆಸುತ್ತೀರಿ, ಜೊತೆಗೆ ಒಳಗಿನ ಒಣ ಕಾಫಿಯನ್ನು ಮತ್ತೆ ಕರಗಿಸುತ್ತೀರಿ. ಬಟ್ಟೆಯ ಮೇಲ್ಮೈ ಮೊದಲು ಒಣಗುವುದರಿಂದ, ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆದಂತೆ ನೂಲು ಒಳಗಿನ ನೀರನ್ನು ಎಳೆಯುತ್ತದೆ. ನೀರು ಆರಿಹೋಗುತ್ತದೆ, ಅದು ಹೊತ್ತು ತಂದ ಬಣ್ಣ ನೂಲಿನ ತುದಿಯಲ್ಲಿ ಉಳಿಯುತ್ತದೆ. ಉಂಗುರವೂ ಹೀಗೇ ಆಗುವುದು: ಒದ್ದೆ ಜಾಗ, ಒಣ ಜಾಗ ಸೇರುವ ಗಡಿಗೆ ಕೊಳೆ, ಸೋಪು, ನೀರಿನ ಲವಣ ಎಲ್ಲ ಬಂದು ನಿಲ್ಲುತ್ತವೆ.

ಮಾಡುವ ಕ್ರಮ:

1. ಸೀಟನ್ನು ಪೂರ್ತಿ ಒಣಗಿಸಿ, ಗಟ್ಟಿ ಬ್ರಷ್ ಆಡಿಸುತ್ತಾ ವ್ಯಾಕ್ಯೂಮ್ ಮಾಡಿ. ಹೊಲಿಗೆಯ ಸಂದಿಗೆ ಕಿರಿದಾದ ಮೂತಿ ಹಾಕಿ. ಒಣ ಧೂಳು ಉಳಿದಿದ್ದರೆ ನೀರು ಬಿದ್ದ ಕೂಡಲೇ ಕೆಸರಾಗುತ್ತದೆ.

2. 1 ಲೀಟರ್ ಉಗುರುಬೆಚ್ಚಗಿನ ನೀರಿಗೆ 5 ಮಿ.ಲೀ. ಸೌಮ್ಯ ದ್ರವ ಡಿಟರ್ಜೆಂಟ್. ಒಂದು ಟೀ ಚಮಚ, ಅಷ್ಟೇ. ಬಣ್ಣ, ಕಂಡೀಷನರ್ ಸೇರಿಸಿದ್ದು ಬೇಡ.

3. ಸೀಟಿನ ಅಡಿಯಂಥ ಕಾಣದ ಜಾಗದಲ್ಲಿ ಪರೀಕ್ಷೆ. ದ್ರಾವಣ ಹಚ್ಚಿ ಬಿಳಿ ಬಟ್ಟೆಯಿಂದ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಬಿಳಿ ಬಟ್ಟೆಗೆ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಿ. ಹತ್ತದಿದ್ದರೂ ಆ ಜಾಗ ಒಣಗುವ ತನಕ ಕಾದು ನೋಡಿ, ಬಣ್ಣ ಮಾಸಿದ್ದು ಹಸಿಯಲ್ಲಿ ಕಾಣುವುದಿಲ್ಲ.

4. ಕಲೆಯ ಮೇಲಷ್ಟೇ ಹೊಡೆಯಬೇಡಿ. ಒಂದು ಹೊಲಿಗೆಯಿಂದ ಇನ್ನೊಂದು ಹೊಲಿಗೆಯವರೆಗೆ ಇಡೀ ತುಂಡಿಗೆ ತೆಳುವಾಗಿ ಸ್ಪ್ರೇ ಮಾಡಿ. ಗಡಿ ಹೊಲಿಗೆಗೆ ಬಂದು ನಿಂತರೆ ಉಂಗುರ ಕಾಣುವುದಿಲ್ಲ. ಕೂರುವ ಭಾಗದ ಒಂದು ತುಂಡಿಗೆ 150 ಮಿ.ಲೀ. ಒಳಗೇ ಸಾಕು.

5. 5 ನಿಮಿಷ ಬಿಟ್ಟು ಮೃದು ಬ್ರಷ್ಷಿನಿಂದ ನಾಲ್ಕೂ ದಿಕ್ಕಿಗೆ ಹಗುರವಾಗಿ ಆಡಿಸಿ.

6. ಈಗ ಹೀರುವುದು, ಅಸಲಿ ಕೆಲಸ ಇದೇ. ನೀರು ಹೀರುವ ವ್ಯಾಕ್ಯೂಮ್ ಇದ್ದರೆ ಮೂತಿಯನ್ನು ಬಟ್ಟೆಗೆ ಒತ್ತಿ ನಿಧಾನಕ್ಕೆ ಎಳೆಯಿರಿ, ಸೆಕೆಂಡಿಗೆ 2-3 ಸೆಂ.ಮೀ. ಒಂದೇ ಸಾಲನ್ನು ಮೂರ್ನಾಲ್ಕು ಸಲ. ಕೊಳವೆಯಲ್ಲಿ ಹನಿ ಕಾಣದಾಗುವ ತನಕ ಬಿಡಬೇಡಿ.

7. ಬರೀ ನೀರು ಸ್ಪ್ರೇ ಮಾಡಿ ಮತ್ತೆ ಹೀರಿ. ಸೋಪು ಉಳಿದರೆ ಬಟ್ಟೆ ಅಂಟಂಟಾಗಿ ಕೆಲವೇ ವಾರದಲ್ಲಿ ಮೊದಲಿಗಿಂತ ಹೆಚ್ಚು ಕೊಳೆ ಹಿಡಿಯುತ್ತದೆ.

8. ಕೊನೆಗೆ ಬಿಳಿ ಟವೆಲನ್ನು ನಾಲ್ಕು ಮಡಿಕೆ ಮಾಡಿ ಕಲೆಯ ಜಾಗದ ಮೇಲಿಟ್ಟು 3-4 ಕೆ.ಜಿ. ಭಾರ ಹೇರಿ ರಾತ್ರಿಯಿಡೀ ಬಿಡಿ. ಒಳಗಿನ ನೀರು ಮೇಲೆ ಬಂದಾಗ ಬಣ್ಣ ಸೀಟಿನ ನೂಲಿನ ಬದಲು ಟವೆಲಿನಲ್ಲಿ ನಿಲ್ಲುತ್ತದೆ. ಬೆಳಗ್ಗೆ ಟವೆಲಿನ ಮೇಲೆ ಕಂದು ಗುರುತು ಕಾಣಿಸಿದರೆ ಕೆಲಸ ಸರಿಯಾಗಿ ನಡೆಯುತ್ತಿದೆ ಅಂತ ಅರ್ಥ, ಇನ್ನೊಂದು ಸಲ ಮಾಡಿ.

ದಾರದುಂಡೆ

ಸೋಫಾದ ಬಗ್ಗೆ ನಾನು ಹೇಳ್ತೀನಿ. ಆ ಅಕ್ಷರವನ್ನು ಹಗುರವಾಗಿ ತಗೋಬೇಡಿ.

‘ಡಬ್ಲ್ಯೂ’ ಅಂದರೆ ನೀರು ಆಧಾರದ ಕ್ಲೀನರ್ ಆಗುತ್ತೆ. ‘ಎಸ್’ ಅಂದರೆ ನೀರು ಕೂಡದು, ಡ್ರೈಕ್ಲೀನಿಂಗ್ ಸಾಲ್ವೆಂಟ್ (ಜಿಡ್ಡು ಕರಗಿಸೋ, ನೀರಿಲ್ಲದ ದ್ರವ) ಮಾತ್ರ. ‘ಡಬ್ಲ್ಯೂಎಸ್’ ಇದ್ದರೆ ಎರಡೂ ನಡೆಯುತ್ತೆ. ‘ಎಕ್ಸ್’ ಇದ್ದರೆ ಯಾವುದೂ ಬೇಡ, ವ್ಯಾಕ್ಯೂಮ್ ಮತ್ತು ಮೃದು ಬ್ರಷ್ ಅಷ್ಟೇ.

‘ಎಸ್’ ಬಟ್ಟೆ ಹಲವು ಸಲ ವಿಸ್ಕೋಸ್, ರೇಯಾನ್, ಅಥವಾ ಅದು ಬೆರೆತಿರೋ ನೇಯ್ಗೆ. ವಿಸ್ಕೋಸ್ ಒದ್ದೆಯಾದಾಗ ಅದರ ಬಲ ಕುಗ್ಗಿರುತ್ತೆ, ಆಗ ಉಜ್ಜಿದರೆ ಎಳೆ ಕಿತ್ತು ಜುಂಗು ಏಳುತ್ತೆ. ಕೆಲವಕ್ಕೆ ಬಣ್ಣ ನೀರಿಗೆ ಬಿಡುತ್ತೆ, ಕೆಲವಕ್ಕೆ ನೂಲಿಗೆ ಹಾಕಿದ ಗಂಜಿಯಂಥ ಲೇಪ ಕರಗಿ ನೀರು ಬಿದ್ದ ಕಡೆ ಬೇರೆ ಹೊಳಪು ಬರುತ್ತೆ. ಆ ಗುರುತನ್ನು ಆಮೇಲೆ ತೆಗೆಯೋಕೆ ಆಗಲ್ಲ.

ಕೈ ಊರೋ ಜಾಗದ ಕಪ್ಪು ಮೈಯ ಎಣ್ಣೆ ಮತ್ತು ಧೂಳು ಸೇರಿದ್ದು. ಎಣ್ಣೆ ಆದ್ದರಿಂದ ಸಾಲ್ವೆಂಟಿಗೆ ಚೆನ್ನಾಗಿ ಬಿಡುತ್ತೆ. ಸಾಲ್ವೆಂಟನ್ನು ಸೋಫಾ ಮೇಲೆ ಸುರೀಬೇಡಿ. ಬಿಳಿ ಹತ್ತಿ ಬಟ್ಟೆಗೆ ಸ್ವಲ್ಪ ಹಾಕಿ, ಒತ್ತಿ, ಎತ್ತಿ, ಬಟ್ಟೆಯ ಸ್ವಚ್ಛ ಭಾಗಕ್ಕೆ ತಿರುಗಿಸಿ ಮತ್ತೆ ಒತ್ತಿ. ಹೆಚ್ಚಾಗಿ ಒಳಗಿಳಿದರೆ ಬಟ್ಟೆಯ ಹಿಂಬದಿಯ ಲೇಪ, ಫೋಮಿನ ಅಂಟು ಕರಗುತ್ತೆ. ಕಿಟಕಿ ಬಾಗಿಲು ತೆರೆದಿರಲಿ, ಹತ್ತಿರ ಒಲೆ, ದೀಪ, ಸಿಗರೇಟು ಬೇಡ. ಸಾಲ್ವೆಂಟ್ ಹಸಿಯಾಗಿರೋವಾಗ ವ್ಯಾಕ್ಯೂಮ್ ಹಾಕಲೇಬೇಡಿ, ಮೋಟಾರಿನ ಕಿಡಿ ಸಾಕು ಆವಿಗೆ ಬೆಂಕಿ ಹತ್ತೋಕೆ.

ಜಿಪ್ ಬಗ್ಗೆ: ಆ ಜಿಪ್ ಇರೋದು ಫೋಮನ್ನು ಕವರಿಗೆ ತುಂಬೋಕೆ. ತೊಳೆಯೋಕೆ ಅಂತ ಲೇಬಲ್ ಸ್ಪಷ್ಟವಾಗಿ ಹೇಳದಿದ್ದರೆ ಬಿಚ್ಚಬೇಡಿ. ಮಷೀನಿಗೆ ಹಾಕಿದರೆ ಕವರ್ ಕುಗ್ಗಿ ಫೋಮಿಗೆ ಹಿಡಿಸಲ್ಲ, ಹಿಂಬದಿಯ ಲೇಪ ಪುಡಿಪುಡಿಯಾಗಿ ಉದುರುತ್ತೆ, ಕುಶನ್ ಒಂದು ಬಣ್ಣ ಸೋಫಾ ಒಂದು ಬಣ್ಣ ಆಗುತ್ತೆ. ನಿಮ್ಮದು ‘ಎಸ್’, ಹಾಗಾಗಿ ಯೋಚನೆಯೇ ಬೇಡ.

ನಾಲ್ಕನೇಗೇರ್

ನೂಲೆಳೆಯವರು ಹೇಳಿದ್ದಕ್ಕೆ ಕಾರಿನ ಕಡೆಯಿಂದ ಕೆಲವು ಸೇರಿಸುತ್ತೇನೆ.

ಸೀಟಿನ ಒಳಗೆ ಫೋಮ್ ಮಾತ್ರ ಇರುವುದಿಲ್ಲ. ಒರಗುವ ಭಾಗದ ಬಾಗಿಲ ಬದಿಯಲ್ಲಿ ಸೈಡ್ ಏರ್‌ಬ್ಯಾಗ್ ಇರಬಹುದು. ಮುಂದಿನ ಪ್ರಯಾಣಿಕರ ಸೀಟಿನಡಿ ಯಾರಾದರೂ ಕುಳಿತಿದ್ದಾರೆಯೇ ಎಂದು ಗುರುತಿಸುವ ಸೆನ್ಸರ್, ಕೆಲವು ಕಾರಿನಲ್ಲಿ ಬಿಸಿ ಮಾಡುವ ತಂತಿ, ಸೀಟಿನ ತಳದಲ್ಲಿ ಕನೆಕ್ಟರುಗಳು. ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು. ಅಲ್ಲಿಗೆ ನೀರು ಹರಿಯಬಾರದು, ಹೈಪ್ರೆಶರ್ ಪಂಪ್ ಅಂತೂ ಕಾರಿನೊಳಗೆ ತರಲೇಬಾರದು.

ಸೀಟು ಬಿಚ್ಚಿ ತೊಳೆಯುವ ವೀಡಿಯೊ ನೋಡಿ ಸ್ಪ್ಯಾನರ್ ಹಿಡಿಯುವವರಿಗೆ: ಬರೀ ಕಾಫಿ ಕಲೆಗೆ ಸೀಟು ಬಿಚ್ಚುವ ಅಗತ್ಯವಿಲ್ಲ. ಕಾರ್ಪೆಟ್ ಒದ್ದೆಯಾಗಿ ಬಿಚ್ಚಲೇಬೇಕಾದರೆ ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ತೆಗೆದು, ಕಾರಿನ ಕೈಪಿಡಿ ಹೇಳಿದಷ್ಟು ಹೊತ್ತು ಕಾದು ಆಮೇಲೆ ಕನೆಕ್ಟರ್ ಬಿಚ್ಚಿ. ಸೀಟು ಹೊರಗಿರುವಾಗ ಇಗ್ನಿಷನ್ ಆನ್ ಮಾಡಿದರೆ ಏರ್‌ಬ್ಯಾಗ್ ದೀಪ ಹತ್ತಿಕೊಳ್ಳುತ್ತದೆ, ಅದನ್ನು ಆರಿಸಲು ಸ್ಕ್ಯಾನರ್ ಬೇಕಾಗುತ್ತದೆ.

ವ್ಯಾಕ್ಯೂಮಿನ ವಿಷಯ. ಸಾಮಾನ್ಯ ಒಣ ವ್ಯಾಕ್ಯೂಮಿಗೆ ನೀರು ಕುಡಿಸಬೇಡಿ, ಮೋಟಾರಿಗೆ ನೀರು ಹೋಗಿ ಶಾಕ್ ಹೊಡೆಯಬಹುದು. ಒಣದು-ಹಸಿ ಎರಡೂ ಎಳೆಯುವ ಯಂತ್ರದಲ್ಲಿ ಕಾಗದದ ಫಿಲ್ಟರ್ ಮತ್ತು ಚೀಲ ತೆಗೆದು ಸ್ಪಂಜಿನ ಫಿಲ್ಟರ್ ಹಾಕಿಕೊಳ್ಳಿ. ಡಬ್ಬಿಯಲ್ಲಿ ನೊರೆ ತುಂಬಿದರೆ ಒಳಗಿನ ತೇಲುವ ಕವಾಟಕ್ಕೆ ಅದು ನೀರು ಅಂತ ಗೊತ್ತಾಗುವುದಿಲ್ಲ, ನೊರೆ ನೇರ ಮೋಟಾರಿಗೆ ಹೋಗುತ್ತದೆ. ಒಂದು ಚಮಚ ಡಿಟರ್ಜೆಂಟ್ ಸಾಕು ಅನ್ನುವುದಕ್ಕೆ ಇದೂ ಕಾರಣ. ಪಾತ್ರೆ ತೊಳೆಯುವ ಲಿಕ್ವಿಡ್ ಜಿಡ್ಡಿಗೆ ಒಳ್ಳೆಯದೇ, ಆದರೆ ನೊರೆ ಬಹಳ. ಹಾಕುವುದಾದರೆ ಲೀಟರಿಗೆ ಅರ್ಧ ಚಮಚ, ಕೊನೆಯಲ್ಲಿ ಬರೀ ನೀರಿನಲ್ಲಿ ಎರಡು ಸಲ ಹೀರಿ.

ಯಂತ್ರವೇ ಇಲ್ಲದಿದ್ದರೆ ಮೈಕ್ರೋಫೈಬರ್ ಬಟ್ಟೆ ಆರೇಳು ಇಟ್ಟುಕೊಳ್ಳಿ. ಒಂದನ್ನು ದ್ರಾವಣದಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿ ಒರೆಸಿ, ಮುಂದಿನದರಲ್ಲಿ ಬರೀ ನೀರು, ಉಳಿದವು ಒಣವು, ಮೈಭಾರ ಬಿಟ್ಟು ಒತ್ತಲು. ನಿಧಾನ, ಆದರೆ ನೀರು ಅತಿಯಾಗುವ ಅಪಾಯವೇ ಇಲ್ಲ.

ಪುಟ್ಟಬ್ರಷ್

ಅಡುಗೆ ಸೋಡಾ ಮತ್ತು ವಿನೆಗರ್ ಬೆರೆಸಿ ಹಾಕಿದರೆ ಬುರುಬುರು ನೊರೆ ಬಂದು ಕೊಳೆಯೆಲ್ಲ ಏಳುತ್ತೆ ಅಂತಾರಲ್ಲ, ಅದು ಸೀಟಿಗೆ ಆಗುತ್ತಾ? ಬಟ್ಟೆ ಒಗೆಯೋ ಪುಡಿ?

ನೂಲೆಳೆ

ಎರಡನ್ನೂ ಬೆರೆಸಿದರೆ ಎರಡೂ ಕೆಡುತ್ತವೆ. ಸೋಡಾ ಕ್ಷಾರ, ವಿನೆಗರ್ ಆಮ್ಲ. ಸೇರಿದಾಗ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸೋಡಿಯಂ ಅಸಿಟೇಟ್ ಎಂಬ ಲವಣ ಕರಗಿದ ನೀರು ಉಳಿಯುತ್ತದೆ. ಆ ಲವಣಕ್ಕೆ ಕೊಳೆ ತೆಗೆಯುವ ಶಕ್ತಿ ಇಲ್ಲವೆಂದೇ ಹೇಳಬೇಕು, ಒಣಗಿದ ಮೇಲೆ ಬಿಳಿ ಪುಡಿಯಾಗಿ ನೂಲಿನಲ್ಲಿ ಕೂರುತ್ತದೆ.

ಬೇರೆ ಬೇರೆಯಾಗಿ ಎರಡಕ್ಕೂ ಕೆಲಸ ಇದೆ. ಸೋಡಾವನ್ನು ಒಣ ಬಟ್ಟೆಯ ಮೇಲೆ ಉದುರಿಸಿ ಕೆಲವು ಗಂಟೆ ಬಿಟ್ಟು ವ್ಯಾಕ್ಯೂಮ್ ಮಾಡಿದರೆ ಮೇಲ್ಮೈಯ ವಾಸನೆ ಕಡಿಮೆಯಾಗುತ್ತದೆ. ಒದ್ದೆ ಬಟ್ಟೆಯ ಮೇಲೆ ಹಾಕಿದರೆ ಹೊಲಿಗೆಯಲ್ಲಿ ಗಟ್ಟಿಯಾಗಿ ಕೂತು ಬಿಡುತ್ತದೆ. ವಿನೆಗರ್ ಕೊನೆಯ ತೊಳೆತಕ್ಕೆ: 1 ಲೀಟರ್ ನೀರಿಗೆ 50 ಮಿ.ಲೀ. ಬಿಳಿ ವಿನೆಗರ್. ಉಳಿದ ಕ್ಷಾರವನ್ನು ತಟಸ್ಥ ಮಾಡುತ್ತದೆ, ಬಟ್ಟೆ ಬಿರುಸಾಗುವುದಿಲ್ಲ.

ಒಗೆಯುವ ಪುಡಿ ಬೇಡ. ಪೂರ್ತಿ ಕರಗುವುದಿಲ್ಲ, ಸಾಮಾನ್ಯವಾಗಿ ಕ್ಷಾರ ಹೆಚ್ಚು. ಹಲವು ಪುಡಿಗಳಲ್ಲಿ ಬಟ್ಟೆಯನ್ನು ಹೆಚ್ಚು ಬಿಳಿಯಾಗಿ ತೋರಿಸುವ ಬಣ್ಣವಿಲ್ಲದ ರಾಸಾಯನಿಕ ಇರುತ್ತದೆ, ಕೆನೆ ಬಣ್ಣದ ಸೀಟಿನಲ್ಲಿ ಅದು ಉಳಿದರೆ ಬಿಸಿಲಲ್ಲಿ ಆ ತುಂಡು ಮಾತ್ರ ನೀಲಿ ಛಾಯೆಯಲ್ಲಿ ಕಾಣುತ್ತದೆ.

ಇನ್ನೊಂದನ್ನು ಒತ್ತಿ ಹೇಳಬೇಕು. ಕ್ಲೋರಿನ್ ಬ್ಲೀಚನ್ನು ವಿನೆಗರ್ ಜೊತೆ ಬೆರೆಸಿದರೆ ಕ್ಲೋರಿನ್ ಅನಿಲ, ಅಮೋನಿಯಾ ಇರುವ ಕ್ಲೀನರ್ ಜೊತೆ ಬೆರೆಸಿದರೆ ಕ್ಲೋರಮೈನ್. ಎರಡೂ ಶ್ವಾಸಕೋಶಕ್ಕೆ ಅಪಾಯ, ಮುಚ್ಚಿದ ಕಾರಿನಲ್ಲಂತೂ ಇನ್ನೂ ಹೆಚ್ಚು. ಸೀಟಿಗೆ ಕ್ಲೋರಿನ್ ಬ್ಲೀಚ್ ಯಾವ ಕಾರಣಕ್ಕೂ ಬೇಕಿಲ್ಲ.

ಹಬೆಯಂತ್ರ

ಇಷ್ಟೆಲ್ಲ ಯಾಕೆ? ಸ್ಟೀಮ್ ಹಾಕಿದರೆ ನೀರೂ ಕಡಿಮೆ, ಕ್ರಿಮಿಯೂ ಸಾಯುತ್ತದೆ, ಜಿಡ್ಡೂ ಕರಗುತ್ತದೆ. ಪಾಲಿಯೆಸ್ಟರ್ ಸೀಟಿಗೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ ಎಂಬುದು ನನ್ನ ಅಭಿಪ್ರಾಯ.

ದಾರದುಂಡೆ

ಜಿಡ್ಡಿಗೆ ಒಪ್ತೀನಿ. ಆದರೆ ಇಲ್ಲಿ ಕೇಳಿರೋದು ಹಾಲು ಹಾಕಿದ ಕಾಫಿ. ಹಾಲಿನಲ್ಲಿ ಪ್ರೊಟೀನ್ ಇದೆ. ರಕ್ತ, ಮೊಟ್ಟೆ, ಹಾಲು ಇವಕ್ಕೆ ಬಿಸಿ ತಗುಲಿದರೆ ಪ್ರೊಟೀನ್ ಹೆಪ್ಪುಗಟ್ಟಿ ನೂಲಿಗೆ ಕಚ್ಚಿಕೊಳ್ಳುತ್ತೆ. ಮೊದಲು ತಣ್ಣೀರು, ಡಿಟರ್ಜೆಂಟ್, ಕಲೆ ಹೋದ ಮೇಲೆ ಬೇಕಾದರೆ ಸ್ಟೀಮ್. ಮಖಮಲ್ಲಿಗೆ, ‘ಎಸ್’ ಅಥವಾ ‘ಎಕ್ಸ್’ ಲೇಬಲ್ಲಿಗೆ ಸ್ಟೀಮ್ ಬೇಡವೇ ಬೇಡ. ಮಖಮಲ್ಲಿನ ಎಳೆ ಮಲಗಿಬಿಟ್ಟರೆ ಮತ್ತೆ ಏಳಲ್ಲ.

ಹಬೆಯಂತ್ರ

ಪ್ರೊಟೀನಿನ ಮಾತು ಸರಿ, ಅದನ್ನು ಬಿಟ್ಟು ಹೇಳಿದ್ದೆ. ಹಾಗಾದರೆ ಸ್ಟೀಮ್ ಬಳಸುವವರಿಗೆ ಸರಿಯಾದ ರೀತಿ ಇದು: ಮೂತಿಗೆ ಮೈಕ್ರೋಫೈಬರ್ ಬಟ್ಟೆ ಸುತ್ತಿ, ಮೊದಲ ಹಬೆಯನ್ನು ಹೊರಗೆ ಬಿಡಿ, ಕೊಳವೆಯಲ್ಲಿ ತಣಿದ ನೀರು ಅದರಲ್ಲೇ ಉಗುಳಿ ಹೋಗುತ್ತದೆ. ಒಂದೇ ಜಾಗದಲ್ಲಿ ನಿಲ್ಲಿಸದೆ ಆಡಿಸುತ್ತಿರಿ. ಸುತ್ತಿದ ಬಟ್ಟೆ ಕೊಳೆಯಾದ ಕೂಡಲೇ ಬದಲಿಸಿ, ಇಲ್ಲವಾದರೆ ಒಂದೆಡೆಯ ಜಿಡ್ಡನ್ನು ಇನ್ನೊಂದೆಡೆ ಬಳಿದಂತಾಗುತ್ತದೆ. ಅಂಟಿನಿಂದ ನಿಂತ ಬಟ್ಟೆಗೆ, ಅಂದರೆ ಬಾಗಿಲ ಪ್ಯಾನೆಲ್, ಒಳಛಾವಣಿ, ಅವಕ್ಕೆ ಹತ್ತಿರ ತರಬೇಡಿ.

ಹಿಂದಿನಸೀಟು

ಹಾಗಾದರೆ ಹಾಲು-ಕಾಫಿಗೆ ವಿನೆಗರ್ ಯಾವಾಗ? ಮೊದಲೇ ಹಾಕಿದರೆ ಕಲೆ ಬೇಗ ಬಿಡುವುದಿಲ್ಲವೇ? ಇನ್ನೊಂದು, ಬಿಸಿಲಿಗೆ ಕಾರು ನಿಂತರೆ ಹುಳಿ ವಾಸನೆ ಏಳುತ್ತಿದೆ.

ನೂಲೆಳೆ

ಮೊದಲೇ ಹಾಕಬೇಡಿ. ವಿನೆಗರ್ ತಗುಲಿದರೆ ಹಾಲು ಒಡೆಯುತ್ತದೆ, ಸೀಟಿನೊಳಗಿನ ಹಾಲೂ ಹಾಗೇ. ಕೇಸಿನ್ ಎಂಬ ಪ್ರೊಟೀನ್ ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಹೆಚ್ಚು) 4.6ರ ಸುತ್ತಮುತ್ತ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ನೀರಿಗೆ ಕರಗುವುದಿಲ್ಲ. ಹಾಲು-ಕಾಫಿಯಲ್ಲಿ ಮೂರು ಬೇರೆ ಬೇರೆ ಕಲೆ ಇವೆ: ಪ್ರೊಟೀನ್, ಕೊಬ್ಬು, ಕಾಫಿಯ ಟ್ಯಾನಿನ್ ಜಾತಿಯ ಕಂದು ಬಣ್ಣ. ಅದೇ ಅನುಕ್ರಮದಲ್ಲಿ ತೆಗೆಯಿರಿ.

ಪ್ರೊಟೀನಿಗೆ ಕಿಣ್ವ ಇರುವ ಕ್ಲೀನರ್, ಅಂಗಡಿಯಲ್ಲಿ ಎನ್‌ಜೈಮ್ ಕ್ಲೀನರ್ ಎಂದೇ ಸಿಗುತ್ತದೆ. ಇಲ್ಲಿ ಮಾತ್ರ ಕಡಿಮೆ ನೀರಿನ ನಿಯಮ ಸಡಿಲ, ಹಾಲು ಎಷ್ಟು ಆಳಕ್ಕೆ ಇಳಿದಿದೆಯೋ ಕಿಣ್ವವೂ ಅಷ್ಟು ಆಳಕ್ಕೆ ಇಳಿಯಬೇಕು. ಒಂದು ಲೋಟ ಕಾಫಿ ಚೆಲ್ಲಿದ್ದರೆ ಎರಡು ಚಿಮುಕು ಸ್ಪ್ರೇಗೆ ವಾಸನೆ ಹೋಗುವುದಿಲ್ಲ. ಹಾಕಿದ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಬಾಟಲಿ ಹೇಳುವಷ್ಟು ಹೊತ್ತು ಹಸಿಯಾಗಿಯೇ ಇರಲಿ, ಒಣಗಿದರೆ ಕಿಣ್ವದ ಕೆಲಸ ನಿಲ್ಲುತ್ತದೆ. ಕುದಿನೀರು, ಪೆರಾಕ್ಸೈಡ್, ಬ್ಲೀಚ್ ಇವುಗಳಲ್ಲಿ ಯಾವುದನ್ನೂ ಅದಕ್ಕೆ ಮುಂಚೆ ಹಾಕಬಾರದು, ಕಿಣ್ವ ಕೆಡುತ್ತದೆ. ಉಣ್ಣೆ, ರೇಷ್ಮೆ ಬಟ್ಟೆಗಳಿಗೆ ಇದು ಬೇಡ. ಅವೂ ಪ್ರೊಟೀನೇ, ಕಿಣ್ವ ನೂಲನ್ನೇ ತಿನ್ನತೊಡಗುತ್ತದೆ.

ನಂತರ ಡಿಟರ್ಜೆಂಟ್ ದ್ರಾವಣ, ಹೀರುವುದು, ಬರೀ ನೀರು, ಹೀರುವುದು. ಆಗಲೂ ಕಂದು ಉಳಿದಿದ್ದರೆ ವಿನೆಗರ್ ನೀರು, 1 ಭಾಗ ವಿನೆಗರಿಗೆ 4 ಭಾಗ ನೀರು. ಅದಕ್ಕೂ ಬಗ್ಗದಿದ್ದರೆ 3% ಹೈಡ್ರೋಜನ್ ಪೆರಾಕ್ಸೈಡ್, ಕಾಣದ ಜಾಗದಲ್ಲಿ ಪರೀಕ್ಷೆ ಮಾಡಿಯೇ. ಪೆರಾಕ್ಸೈಡನ್ನು ವಿನೆಗರ್ ಜೊತೆ ಒಂದೇ ಬಾಟಲಿಗೆ ಹಾಕಬೇಡಿ, ಪೆರಾಸೆಟಿಕ್ ಆಮ್ಲ ಆಗಿ ಕಣ್ಣು, ಗಂಟಲು ಉರಿಯುತ್ತದೆ. ನಡುವೆ ನೀರಿನಿಂದ ತೊಳೆದು ಹೀರಿ.

ಹುಳಿ ವಾಸನೆ ಬ್ಯಾಕ್ಟೀರಿಯಾದ್ದು. ಸೆಂಟು ನೇತುಹಾಕಿದರೆ ಎರಡು ವಾಸನೆ ಆಗುತ್ತದೆ ಅಷ್ಟೇ. ಒಳಗಿರುವ ಹಾಲು ಹೋಗಬೇಕು.

ಪುಟ್ಟಬ್ರಷ್

ಬೇರೆ ಕಲೆಗಳಿಗೂ ಬರೆಯಿರಿ ದಯವಿಟ್ಟು. ಎಣ್ಣೆ, ಇಂಕು, ಮೇಣ.

ದಾರದುಂಡೆ

ಎಣ್ಣೆ: ಮೊದಲು ಕಾರ್ನ್‌ಫ್ಲೋರ್ ಅಥವಾ ಟಾಲ್ಕಂ ಪುಡಿ ದಪ್ಪಗೆ ಹಾಕಿ ಒಂದು ಗಂಟೆ ಬಿಡಿ. ಪುಡಿ ಗಂಟುಗಂಟಾಗಿದ್ದರೆ ಹೀರಿದೆ ಅಂತ, ವ್ಯಾಕ್ಯೂಮ್ ಮಾಡಿ ಹೊಸ ಪುಡಿ ಹಾಕಿ. ಗಂಟಾಗೋದು ನಿಂತ ಮೇಲೆ 250 ಮಿ.ಲೀ. ಬೆಚ್ಚನೆ ನೀರಿಗೆ ಕಾಲು ಚಮಚ ಪಾತ್ರೆ ಲಿಕ್ವಿಡ್. ನೀರೇ ಮೊದಲು ಹಾಕಿದರೆ ಎಣ್ಣೆ ಹರಡಿ ಕೂರುತ್ತೆ.

ಬಾಲ್‌ಪೆನ್ ಇಂಕು: ಐಸೋಪ್ರೊಪೈಲ್ ಆಲ್ಕೋಹಾಲ್, ಬಿಳಿ ಬಟ್ಟೆಯ ತುದಿಗೆ ಹಚ್ಚಿ ಕಲೆಯ ಅಂಚಿನಿಂದ ನಡುವಿನ ಕಡೆಗೆ ಒತ್ತುತ್ತಾ ಬನ್ನಿ. ಇಂಕು ಬಟ್ಟೆಗೆ ಬರ್ತಾ ಇರೋವರೆಗೂ ಹೊಸ ಭಾಗಕ್ಕೆ ತಿರುಗಿಸ್ತಾ ಇರಿ. ಸ್ಪ್ರೇ ಮಾಡಿದರೆ ಪೆನ್ನಿನ ಗೆರೆ ಹೋಗಿ ಅಂಗೈ ಅಗಲದ ನೀಲಿ ಮೋಡ ಆಗುತ್ತೆ. ಅಸಿಟೋನ್, ಅಂದರೆ ನೈಲ್ ಪಾಲಿಶ್ ರಿಮೂವರ್, ಯಾವ ನೂಲು ಅಂತ ಗೊತ್ತಿಲ್ಲದೆ ಮುಟ್ಟಿಸಬೇಡಿ. ಅಸಿಟೇಟ್ ಬಟ್ಟೆ ಅದರಲ್ಲಿ ಕರಗಿ ತೂತೇ ಬೀಳುತ್ತೆ.

ರಕ್ತ: ತಣ್ಣೀರು, ಒತ್ತೋದು, ಆಮೇಲೆ ಕಿಣ್ವ.

ಮೇಣ: ಐಸ್ ಚೀಲ ಇಟ್ಟು ಗಟ್ಟಿ ಮಾಡಿ ಮೊಂಡು ಚಮಚದಿಂದ ಎಬ್ಬಿಸಿ, ಉಳಿದದ್ದಕ್ಕೆ ಕಂದು ಕಾಗದ ಇಟ್ಟು ಕಡಿಮೆ ಬಿಸಿಯ ಇಸ್ತ್ರಿ. ಪಾಲಿಯೆಸ್ಟರಿಗೆ ಬಿಸಿ ಹೆಚ್ಚಾದರೆ ಹೊಳೆಯೋ ಕಲೆ ಉಳಿದುಬಿಡುತ್ತೆ. ಚೂಯಿಂಗ್ ಗಮ್‌ಗೆ ಐಸ್ ಮಾತ್ರ.

ಸಾಕುಪ್ರಾಣಿಯ ರೋಮಕ್ಕೆ ರಬ್ಬರ್ ಕೈಗವಸು ಹಾಕಿ ಒಂದೇ ದಿಕ್ಕಿಗೆ ಎಳೆಯಿರಿ, ಉಂಡೆಯಾಗಿ ಬರುತ್ತೆ. ಗೋಡೆ ಒರೆಸೋ ಬಿಳಿ ಮೆಲಮೈನ್ ಸ್ಪಂಜು ಮಾತ್ರ ಬಟ್ಟೆಗೆ ಬೇಡ, ಅದು ನುಣುಪಾದ ಉಪ್ಪುಕಾಗದವೇ.

ನೂಲೆಳೆ

ಹತ್ತಿ, ಲಿನನ್, ಸೆಣಬು ಬೆರೆತ ಸೋಫಾಗಳಿಗೆ ಒಂದು ಎಚ್ಚರಿಕೆ. ಕ್ಷಾರ ಹೆಚ್ಚಿರುವ ಕ್ಲೀನರ್ ಹಾಕಿ ನಿಧಾನಕ್ಕೆ ಒಣಗಿದರೆ ಬಟ್ಟೆ ಇಡಿಯಾಗಿ ಹಳದಿ-ಕಂದಿಗೆ ತಿರುಗುತ್ತದೆ. ಕೊಳೆ ಇನ್ನೂ ಉಳಿದಿದೆ ಎಂದುಕೊಂಡು ಮತ್ತೆ ಅದೇ ಕ್ಲೀನರ್ ಹಾಕಿದರೆ ಇನ್ನೂ ಕಂದಾಗುತ್ತದೆ. ಸಸ್ಯದ ನಾರಿನಲ್ಲೇ ಇರುವ ಬಣ್ಣದ ಅಂಶಗಳು ನೀರಿನೊಂದಿಗೆ ಮೇಲೆ ಬಂದಿರುತ್ತವೆ. ಇದಕ್ಕೆ ಆಮ್ಲ: 1 ಲೀಟರ್ ನೀರಿಗೆ 10 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ತುಂತುರಾಗಿ ಹೊಡೆದು, ಬಿಳಿ ಟವೆಲಿನಿಂದ ಒತ್ತಿ, ಫ್ಯಾನಿನಡಿ ಬೇಗ ಒಣಗಿಸಿ. ನೆನೆಸಬಾರದು.

ಆಕ್ಸಿಜನ್ ಪುಡಿ ಎಂದು ಸಿಗುವ ಸೋಡಿಯಂ ಪರ್ಕಾರ್ಬೊನೇಟನ್ನು ತಿಳಿಬಣ್ಣದ ಪಾಲಿಯೆಸ್ಟರಿಗೆ ಪರೀಕ್ಷೆ ಮಾಡಿ ಬಳಸಬಹುದು, ಅದೂ ಕ್ಷಾರವೇ, ಉಣ್ಣೆ-ರೇಷ್ಮೆಗೆ ಬೇಡ. ಕಲಸಿದ ದ್ರಾವಣವನ್ನು ಬಾಟಲಿಯಲ್ಲಿ ಮುಚ್ಚಿ ಇಡಬೇಡಿ. ಆಮ್ಲಜನಕ ಬಿಡುತ್ತಲೇ ಇರುತ್ತದೆ, ಒತ್ತಡಕ್ಕೆ ಬಾಟಲಿ ಒಡೆಯಬಹುದು. ಆಯಾ ದಿನದ್ದು ಆಯಾ ದಿನವೇ ಚೆಲ್ಲಿ.

ಕಾರಿನೊಳಗೆ

ಒಳಛಾವಣಿ ಬಟ್ಟೆಯ ಮೇಲೆ ಕೈಗುರುತು, ಬೂದು ಬಣ್ಣದ ಧೂಳಿನ ಪಟ್ಟೆ ಇದ್ದರೆ ಹೇಗೆ?

ನಾಲ್ಕನೇಗೇರ್

ಒಳಛಾವಣಿ ಇಡೀ ಕಾರಿನಲ್ಲಿ ಅತಿ ನಾಜೂಕು ಬಟ್ಟೆ. ತೆಳು ಬಟ್ಟೆ, ಅದರ ಹಿಂದೆ ಕೆಲವೇ ಮಿಲಿಮೀಟರ್ ಫೋಮ್, ಅದು ರಟ್ಟಿನಂಥ ಹಲಗೆಗೆ ಅಂಟಿನಿಂದ ನಿಂತಿರುತ್ತದೆ. ನೀರು ಅಂಟಿಗೆ ತಲುಪಿದರೆ, ಇಲ್ಲವೇ ಬಟ್ಟೆಯನ್ನು ಜೋರಾಗಿ ಎಳೆದರೆ, ಜೋತು ಬೀಳುತ್ತದೆ. ಜೋತದ್ದನ್ನು ಮತ್ತೆ ಅಂಟಿಸಲು ಹಲಗೆಯನ್ನೇ ಇಳಿಸಿ ಹಳೆಯ ಫೋಮ್ ಕೆರೆದು ಹೊಸ ಬಟ್ಟೆ ಹಾಕಬೇಕು.

ಹಾಗಾಗಿ ಮೃದು ಬ್ರಷ್ ಮೂತಿಯಿಂದ ಹಗುರ ವ್ಯಾಕ್ಯೂಮ್. ದ್ರಾವಣವನ್ನು ಛಾವಣಿಗೆ ಹೊಡೆಯದೆ ಮೈಕ್ರೋಫೈಬರ್ ಬಟ್ಟೆಗೆ ಹೊಡೆದು, ಹಿಂಡಿ, ಒಂದೇ ದಿಕ್ಕಿಗೆ ಉದ್ದಕ್ಕೆ ಒರೆಸಿ. ಗುರುತು ಇರುವಲ್ಲಿ ಮಾತ್ರ ಒರೆಸಿದರೆ ಅಲ್ಲೊಂದು ಸ್ವಚ್ಛ ತೇಪೆ ಎದ್ದು ಕಾಣುತ್ತದೆ. ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಹೋಗಿ. ಕಂಬಗಳ ಪಕ್ಕ ಕರ್ಟನ್ ಏರ್‌ಬ್ಯಾಗ್ ಇರುತ್ತದೆ, ಅಲ್ಲಿ ಒತ್ತಿ ಎಳೆಯಬೇಡಿ. ಯಂತ್ರದಿಂದ ನೀರು ಚಿಮ್ಮಿಸಿ ಹೀರುವುದು ಇಲ್ಲಿ ಬೇಡ.

ಕಾರಿನೊಳಗೆ

ಮುಂದಿನ ಪ್ರಯಾಣಿಕರ ಕಾಲಿಡುವ ಕಡೆ ಕಾರ್ಪೆಟ್ ಯಾವಾಗಲೂ ತೇವ, ಬೂಷ್ಟಿನ ವಾಸನೆ. ಶಾಂಪೂ ಹಾಕಿ ತೊಳೆದರೂ ವಾರದಲ್ಲಿ ಮತ್ತೆ ಬರುತ್ತದೆ.

ನಾಲ್ಕನೇಗೇರ್

ಅದನ್ನು ತೊಳೆಯುವ ಮುಂಚೆ ನೀರು ಎಲ್ಲಿಂದ ಬರುತ್ತಿದೆ ನೋಡಿ. ಆ ಜಾಗದಲ್ಲಿ ಮೊದಲ ಅನುಮಾನ ಎಸಿಯ ನೀರು ಹೊರಹೋಗುವ ಪೈಪಿನ ಮೇಲೆ. ಎಸಿ ಹಾಕಿ ಹದಿನೈದು ನಿಮಿಷ ನಿಲ್ಲಿಸಿ. ಗಾಳಿಯಲ್ಲಿ ತೇವ ಇರುವ ದಿನ ಕಾರಿನಡಿ ನೀರು ತೊಟ್ಟಿಕ್ಕಬೇಕು. ತೊಟ್ಟಿಕ್ಕದಿದ್ದರೆ ಪೈಪ್ ಕಟ್ಟಿದೆ, ನೀರು ಒಳಕ್ಕೆ ಹರಿಯುತ್ತಿದೆ. ಒದ್ದೆ ಅಂಟಂಟಾಗಿ ಸಿಹಿ ವಾಸನೆ ಇದ್ದರೆ ಅದು ಕೂಲಂಟ್, ಅಂದರೆ ಎಂಜಿನ್ ತಣಿಸುವ ದ್ರವ; ಕಾರಿನೊಳಗೆ ಬಿಸಿಗಾಳಿ ಕೊಡುವ ಹೀಟರ್ ಕೋರ್ ಸೋರುತ್ತಿದೆ. ಮಳೆ ಬಂದಾಗ ಮಾತ್ರ ಒದ್ದೆಯಾದರೆ ಬಾಗಿಲ ಒಳಹಾಳೆ, ಸನ್‌ರೂಫ್ ಇದ್ದರೆ ಅದರ ಡ್ರೈನ್ ನಳಿಕೆ, ವಿಂಡ್‌ಶೀಲ್ಡ್ ಬುಡದ ಎಲೆ-ಕಸ ನೋಡಿ.

ಕಾರ್ಪೆಟ್ ಮೇಲೆ ಮುಟ್ಟಿದರೆ ಒಣಗಿರುತ್ತದೆ, ಅಡಿಯ ದಪ್ಪ ಪದರದಲ್ಲಿ ಲೀಟರುಗಟ್ಟಲೆ ನೀರು ನಿಂತಿರಬಹುದು. ಬಾಗಿಲ ಅಂಚಿನ ಪ್ಲಾಸ್ಟಿಕ್ ಪಟ್ಟಿ ಎಬ್ಬಿಸಿ ಕಾರ್ಪೆಟ್ ಎತ್ತಿ ಕೈ ಹಾಕಿ ನೋಡಿ.

ಬೂಷ್ಟಿಗೆ: ಕಾರು ಹೊರಗೆ ನಿಲ್ಲಿಸಿ, ಎಲ್ಲ ಬಾಗಿಲು ತೆಗೆದು, ಎನ್95 ಮಾಸ್ಕ್ ಹಾಕಿಕೊಳ್ಳಿ. ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮಿನಿಂದ ಮೇಲಿನದ್ದನ್ನು ಎಳೆಯಿರಿ. ಸಾಮಾನ್ಯ ವ್ಯಾಕ್ಯೂಮ್ ಬೀಜಕಣಗಳನ್ನು ಹಿಂದಿನಿಂದ ಹೊರಗೆ ಊದುತ್ತದೆ. ಆಮೇಲೆ 70% ಐಸೋಪ್ರೊಪೈಲ್ ಆಲ್ಕೋಹಾಲನ್ನು ಬಟ್ಟೆಗೆ ಹಚ್ಚಿ ಒರೆಸಿ, ಇಗ್ನಿಷನ್ ಆಫ್ ಇರಲಿ, ಬೆಂಕಿ ಹತ್ತಿರ ಬೇಡ. ಕಪ್ಪು ಚುಕ್ಕೆ ಫೋಮಿನ ಒಳಕ್ಕೂ ಇಳಿದಿದ್ದರೆ ಆ ತುಂಡನ್ನು ಬದಲಿಸುವುದೇ ಸರಿ, ಮೇಲೆ ಏನು ಹಚ್ಚಿದರೂ ಒಳಗಿನದು ಉಳಿಯುತ್ತದೆ.

ಹಿಂದಿನಸೀಟು

ಕಿಣ್ವಕ್ಕೆ ಪೂರ್ತಿ ನೆನೆಸಿದರೆ ಒಣಗಿಸುವುದು ಹೇಗೆ? ಒಣಗಿದೆ ಅಂತ ಗೊತ್ತಾಗುವುದು ಹೇಗೆ? ಸೀಟ್‌ಬೆಲ್ಟ್ ಮೇಲೂ ಕಾಫಿ ಬಿದ್ದಿದೆ.

ಹಬೆಯಂತ್ರ

ಒದ್ದೆ ಉಳಿದರೆ 24ರಿಂದ 48 ಗಂಟೆಯೊಳಗೆ ಬೂಷ್ಟು ಶುರುವಾಗಬಹುದು, ಆದ್ದರಿಂದ ಬೆಳಗ್ಗೆಯೇ ಕೆಲಸ ಹಿಡಿಯಿರಿ. ಹೀರುವುದನ್ನು ಮುಗಿಸಿ ನಾಲ್ಕೂ ಬಾಗಿಲು ತೆಗೆದು ಟೇಬಲ್ ಫ್ಯಾನಿನ ಗಾಳಿ ಸೀಟಿನ ಮೇಲೆ ಅಡ್ಡಡ್ಡ ಹಾಯುವಂತೆ ಇಡಿ. ಹೊರಗೆ ಗಾಳಿಯಲ್ಲೇ ತೇವ ಹೆಚ್ಚಿದ್ದರೆ ಕಿಟಕಿ ಮುಚ್ಚಿ, ಎಸಿ ಆನ್ ಇಟ್ಟು ಉಷ್ಣತೆಯ ಗುಂಡಿಯನ್ನು ಬಿಸಿಯ ಕಡೆ ತಿರುಗಿಸಿ. ಎಸಿ ನೀರನ್ನು ಹಿಂಡಿ ತೆಗೆಯುತ್ತದೆ, ಬಿಸಿಗಾಳಿ ಸೀಟಿನಿಂದ ಇನ್ನಷ್ಟು ಎಬ್ಬಿಸುತ್ತದೆ. ಇದಕ್ಕೆ ಎಂಜಿನ್ ಓಡುತ್ತಿರಬೇಕು, ಹಾಗಾಗಿ ಮುಚ್ಚಿದ ಗ್ಯಾರೇಜಿನಲ್ಲಿ ಮಾಡಲೇಬೇಡಿ. ಬಾಗಿಲು ಮುಚ್ಚಿದ ಕಾರನ್ನು ಬಿಸಿಲಿಗೆ ಬಿಟ್ಟರೆ ಆವಿ ಗಾಜಿಗೆ ಕಟ್ಟಿ ಮತ್ತೆ ಸೀಟಿಗೇ ಇಳಿಯುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಇಷ್ಟು ನೀರಿಗೆ ಸಾಲುವುದಿಲ್ಲ.

ಸೋಫಾ ಕುಶನ್ ಆದರೆ ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ಆಗ ಎರಡೂ ಮುಖಕ್ಕೆ ಗಾಳಿ ಸಿಗುತ್ತದೆ.

ಒಣಗಿದೆಯೇ ಎಂದು ನೋಡಲು ಕೈ ನಂಬಬೇಡಿ, ತಣ್ಣಗಿರುವುದೂ ಒದ್ದೆ ಇರುವುದೂ ಕೈಗೆ ಒಂದೇ. ಅಂಗೈ ಅಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಸೀಟಿನ ಮೇಲಿಟ್ಟು ನಾಲ್ಕೂ ಅಂಚಿಗೆ ಪೇಪರ್ ಟೇಪ್ ಹಾಕಿ ಎರಡು ಗಂಟೆ ಬಿಡಿ. ಒಳಗಡೆ ಮಂಜು ಕಟ್ಟಿದರೆ ಫೋಮ್ ಇನ್ನೂ ಹಸಿ.

ನಾಲ್ಕನೇಗೇರ್

ಸೀಟ್‌ಬೆಲ್ಟಿಗೆ ಸೌಮ್ಯ ಸೋಪು ನೀರು ಬಿಟ್ಟು ಬೇರೇನೂ ಬೇಡ. ಬ್ಲೀಚ್, ಸಾಲ್ವೆಂಟ್, ಬಣ್ಣ ಇವು ನೂಲಿನ ಬಲ ಕುಗ್ಗಿಸುತ್ತವೆ, ಅಪಘಾತದಲ್ಲಿ ಆ ಪಟ್ಟಿಯೇ ಜೀವ ಹಿಡಿಯುವುದು. ಪೂರ್ತಿ ಎಳೆದು, ಸುರುಳಿಯ ಹತ್ತಿರ ಒಂದು ಕ್ಲಿಪ್ ಹಾಕಿ ಹಿಂದಕ್ಕೆ ಹೋಗದಂತೆ ನಿಲ್ಲಿಸಿ. ಸೋಪು ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ನೇಯ್ಗೆಯ ಉದ್ದಕ್ಕೆ ಒರೆಸಿ, ಬರೀ ನೀರಿನ ಬಟ್ಟೆಯಿಂದ ಮತ್ತೊಮ್ಮೆ. ಕ್ಲಿಪ್ಪನ್ನು ರಾತ್ರಿಯಿಡೀ ಹಾಗೇ ಬಿಡಿ. ಒದ್ದೆ ಬೆಲ್ಟ್ ಸುರುಳಿಯೊಳಗೆ ಹೋದರೆ ಬೂಷ್ಟು ಹಿಡಿಯುತ್ತದೆ, ಒಳಗಿನ ಲೋಹಕ್ಕೆ ತುಕ್ಕೂ ಹತ್ತುತ್ತದೆ. ಬಕಲಿನೊಳಗೆ ಹಾಲು-ಕಾಫಿ ಇಳಿದು ಗುಂಡಿ ಅಂಟುತ್ತಿದ್ದರೆ, ಅಥವಾ ಸಿಕ್ಕಿಸಿದಾಗ ‘ಕ್ಲಿಕ್’ ಎನ್ನದಿದ್ದರೆ, ನೀವೇ ಎಣ್ಣೆ ಬಿಡಬೇಡಿ. ಸರ್ವಿಸಿನವರಿಗೆ ತೋರಿಸಿ, ಅಲ್ಲಿಯವರೆಗೆ ಆ ಸೀಟಿನಲ್ಲಿ ಯಾರನ್ನೂ ಕೂರಿಸಬೇಡಿ.